ವಿಶ್ವವಿದ್ಯಾಲಯದ ಖರೀದಿಗೆ ಸಾಲ್ವರ್: ಟೆಂಡರ್ ಕರೆಯುವ ಮೊದಲು ಮಾಡಬೇಕಾದ ಲೆಕ್ಕ

ಮೂರು ಕೊಟೇಷನ್, ಒಂದು ತುಲನಾ ಪಟ್ಟಿ, ಪ್ರತಿ ಸಾಲಿನಲ್ಲೂ ಕಡಿಮೆ ದರದ ಸುತ್ತ ಕೆಂಪು ಪೆನ್ನಿನ ಒಂದು ಸುತ್ತು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಖರೀದಿ ಅಂದರೆ ಬಹುಪಾಲು ಇಷ್ಟೇ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಪ್ರತಿ ಸಾಲಿನಲ್ಲೂ ಅಗ್ಗದ್ದನ್ನೇ ಆರಿಸಿದರೆ ಒಟ್ಟು ಬಿಲ್ಲೂ ಅಗ್ಗವಾಗಿ ಬರುತ್ತದೆ ಅನ್ನುವ ನಂಬಿಕೆ ಇದೆಯಲ್ಲ, ಅದು ಎಷ್ಟೋ ಸಲ ಸುಳ್ಳಾಗುತ್ತದೆ. ಸಾಗಣೆ ವೆಚ್ಚ, ಗೋಡೌನ್ ಜಾಗ, ರಾಸಾಯನಿಕದ ಅವಧಿ, ಮಾರ್ಚ್ 31ರ ಗಡುವು, ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ತುಲನಾ ಪಟ್ಟಿಯಲ್ಲಿ ಈ ಹೆಣಿಗೆ ಕಾಣುವುದಿಲ್ಲ.

ಇದನ್ನು ಬಿಡಿಸುವುದಕ್ಕೆ ಇರುವ ಸಾಧನವೇ ಆಪ್ಟಿಮೈಸೇಷನ್ ಮಾಡೆಲ್. ಹೆಸರು ಭಾರಿ, ಕೆಲಸ ಸರಳ. ಮೂರೇ ಮೂರು ವಿಷಯ ಬರೆದುಕೊಳ್ಳಬೇಕು: ನಾವು ತೀರ್ಮಾನಿಸಬೇಕಾದ ಸಂಖ್ಯೆಗಳು ಯಾವುವು, ಮೀರಬಾರದ ಷರತ್ತುಗಳು ಯಾವುವು, ಯಾವುದನ್ನು ಕಡಿಮೆ ಅಥವಾ ಜಾಸ್ತಿ ಮಾಡಬೇಕು. ಉಳಿದದ್ದನ್ನು ಕಂಪ್ಯೂಟರ್ ಹುಡುಕುತ್ತದೆ. ಹೀಗೆ ಉತ್ತರ ಹುಡುಕಿಕೊಡುವ ‘ಸಾಲ್ವರ್’ ಎಂಬ ಸಾಧನ ನಿಮ್ಮ ಕಚೇರಿಯ ಎಕ್ಸೆಲ್‌ನಲ್ಲೇ ಇದೆ.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಈ ಲೆಕ್ಕದ ಜಾಗ ಟೆಂಡರ್‌ಗೆ ಮುಂಚೆ, ಟೆಂಡರ್ ತೆರೆದ ಮೇಲೆ ಅಲ್ಲ. ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ, ಅಂದರೆ ಎಲ್ಲರ ಬಾಯಲ್ಲಿರುವ ಕೆಟಿಪಿಪಿಯ, ಕೆಳಗೆ ಬರುತ್ತವೆ. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯ, ಸುರತ್ಕಲ್‌ನ ಎನ್‌ಐಟಿಕೆಯಂಥ ಕೇಂದ್ರದ ಸಂಸ್ಥೆಗಳಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳು, ಅಂದರೆ ಜಿಎಫ್‌ಆರ್. ಎರಡರಲ್ಲೂ ತತ್ವ ಒಂದೇ: ಯಾರನ್ನು ಹೇಗೆ ಆರಿಸುತ್ತೀರಿ ಎಂದು ಮೊದಲೇ ಹೇಳಬೇಕು, ಹೇಳಿದ ಹಾಗೇ ಆರಿಸಬೇಕು. ಬಿಡ್ ತೆರೆದ ಮೇಲೆ ‘ಸಾಲ್ವರ್ ಹೀಗೆ ಹೇಳಿತು’ ಎಂದು ಎಲ್-1, ಅಂದರೆ ಅತಿ ಕಡಿಮೆ ದರ ಹಾಕಿದವರನ್ನು, ಬಿಟ್ಟು ಬೇರೆಯವರಿಗೆ ಆರ್ಡರ್ ಕೊಟ್ಟರೆ ಆಡಿಟ್ ಆಕ್ಷೇಪಣೆ ಗ್ಯಾರಂಟಿ.

ಮೊದಲ ಹೆಜ್ಜೆ: ಪ್ರಶ್ನೆ ಚಿಕ್ಕದಿರಲಿ

ಇಡೀ ವಿಶ್ವವಿದ್ಯಾಲಯದ ಖರೀದಿಯನ್ನು ಒಂದೇ ಮಾಡೆಲ್‌ಗೆ ತುರುಕಲು ಹೋಗಬೇಡಿ. ಒಂದು ಗುಂಪು ಆರಿಸಿಕೊಳ್ಳಿ. ನನ್ನ ಸಲಹೆ: ಲ್ಯಾಬಿನ ರಾಸಾಯನಿಕ ಮತ್ತು ಗಾಜಿನ ಸಾಮಾನು. ಯಾಕೆಂದರೆ ಇಲ್ಲಿ ಹಲವು ವಿಭಾಗಗಳು ಒಂದೇ ವಸ್ತುವನ್ನು ಬೇರೆ ಬೇರೆ ತರಿಸುತ್ತವೆ. ರಸಾಯನಶಾಸ್ತ್ರ, ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಮೂರೂ ಕಡೆ ಅಸಿಟೋನ್ ಬೇಕು. ಮೂರೂ ಕಡೆಯಿಂದ ಪ್ರತ್ಯೇಕ ಇಂಡೆಂಟ್, ಅಂದರೆ ಬೇಡಿಕೆ ಪತ್ರ, ಬರುತ್ತದೆ.

ಹೀಗೆ ತುಂಡು ತುಂಡಾಗಿ ಕೊಳ್ಳುವುದು ಬರೀ ನಷ್ಟದ ಮಾತಲ್ಲ. ಮೇಲಿನ ಅಧಿಕಾರಿಯ ಮಂಜೂರಾತಿ ತಪ್ಪಿಸಲು ಬೇಡಿಕೆಯನ್ನು ಸಣ್ಣ ಸಣ್ಣ ಭಾಗ ಮಾಡಬಾರದು ಎಂದು ಜಿಎಫ್‌ಆರ್‌ನ 157ನೇ ನಿಯಮ ನೇರವಾಗಿ ಹೇಳುತ್ತದೆ. ನಿಮ್ಮ ಉದ್ದೇಶ ಅದಲ್ಲದೆ ಇರಬಹುದು. ಆದರೆ ಒಂದೇ ವರ್ಷದಲ್ಲಿ, ಒಂದೇ ಕ್ಯಾಂಪಸ್‌ನಲ್ಲಿ, ಟೆಂಡರ್ ಮಿತಿಯ ಕೆಳಗೇ ನಿಲ್ಲುವ ಹತ್ತು ಬಿಲ್‌ಗಳನ್ನು ನೋಡಿದ ಆಡಿಟರ್ ಏನು ಅಂದುಕೊಳ್ಳುತ್ತಾರೆ? ಬೇಡಿಕೆ ಒಟ್ಟುಗೂಡಿಸಿದರೆ ದರವೂ ಇಳಿಯುತ್ತದೆ, ಈ ತಲೆನೋವೂ ತಪ್ಪುತ್ತದೆ.

ಎರಡನೇ ಹೆಜ್ಜೆ: ದಾಸ್ತಾನು ಪುಸ್ತಕದಿಂದ ಅಂಕಿ ತೆಗೆಯುವುದು

ಅತಿ ಹೆಚ್ಚು ಸಮಯ ಇಲ್ಲೇ ಹೋಗುತ್ತದೆ. ಹೋಗಲಿ ಬಿಡಿ. ಸಾಲ್ವರ್ ಒಂದು ಕ್ಷಣದಲ್ಲಿ ಉತ್ತರ ಕೊಡುತ್ತದೆ, ಆದರೆ ಅದಕ್ಕೆ ಹಾಕಿದ ಅಂಕಿ ತಪ್ಪಾಗಿದ್ದರೆ ತಪ್ಪು ಉತ್ತರವನ್ನೂ ಅಷ್ಟೇ ವೇಗವಾಗಿ ಕೊಡುತ್ತದೆ.

ಕಳೆದ ವರ್ಷ ಎಷ್ಟು ಕೊಂಡಿರಿ ಎಂಬುದು ಮುಖ್ಯವಲ್ಲ. ಎಷ್ಟು ಬಳಸಿದಿರಿ ಎಂಬುದು ಮುಖ್ಯ. ಎರಡೂ ಒಂದೇ ಅಂದುಕೊಂಡರೆ, ಕಪಾಟಿನಲ್ಲಿ ಕೂತಿರುವ ಹಳೆಯ ಬಾಟಲಿಗಳನ್ನೇ ಮತ್ತೆ ಕೊಳ್ಳುತ್ತೀರಿ. ವರ್ಷದ ಆರಂಭದ ಉಳಿಕೆ, ಅದಕ್ಕೆ ಕೂಡಿಸಿ ಬಂದ ಮಾಲು, ಅದರಿಂದ ಕಳೆಯಿರಿ ವರ್ಷಾಂತ್ಯದ ಉಳಿಕೆ. ಬಂದದ್ದು ಬಳಕೆ. ಅವಧಿ ಮುಗಿದು ಎಸೆದದ್ದನ್ನು ಬೇರೆ ಬರೆದುಕೊಳ್ಳಿ. ಆ ಅಂಕಿ ಮುಂದೆ ಕೆಲಸಕ್ಕೆ ಬರುತ್ತದೆ.

ಆಮೇಲೆ ಹೆಸರಿನ ಗೋಜಲು. ಒಂದು ವಿಭಾಗ ‘ಮೆಥನಾಲ್’ ಎಂದು ಬರೆದಿರುತ್ತದೆ, ಇನ್ನೊಂದು ‘ಮೀಥೈಲ್ ಆಲ್ಕೋಹಾಲ್’ ಎಂದು, ಮೂರನೆಯದು ‘ಮೆಥನಾಲ್ ಎಚ್‌ಪಿಎಲ್‌ಸಿ’ ಎಂದು. ಮೊದಲೆರಡೂ ಒಂದೇ ವಸ್ತು. ಮೂರನೆಯದು ಬೇರೆ ಗ್ರೇಡ್ (ಶುದ್ಧತೆಯ ದರ್ಜೆ), ಬೇರೆ ದರ. ಇದಕ್ಕೆ ಸುಲಭ ಉಪಾಯ ಸಿಎಎಸ್ ಸಂಖ್ಯೆ, ಅಂದರೆ ಪ್ರತಿ ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ. ಜಗತ್ತಿನಲ್ಲಿ ಎಲ್ಲೇ ಕೊಂಡರೂ ಮೆಥನಾಲ್ ಅಂದರೆ 67-56-1, ಅಸಿಟೋನ್ ಅಂದರೆ 67-64-1. ಬಾಟಲಿಯ ಲೇಬಲ್ ಮೇಲೆ ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ನಿಮ್ಮ ಪಟ್ಟಿಯಲ್ಲಿ ಪ್ರತಿ ವಸ್ತುವಿಗೆ ಸಿಎಎಸ್ ಸಂಖ್ಯೆ, ಗ್ರೇಡ್, ಪ್ಯಾಕ್ ಅಳತೆ ಎಂಬ ಮೂರು ಕಾಲಂ ಇರಲಿ. ಮೂರೂ ಹೊಂದಿದರೆ ಮಾತ್ರ ಒಂದೇ ಸಾಲಿಗೆ ಸೇರಿಸಿ. ಬ್ರ್ಯಾಂಡ್ ಹೆಸರನ್ನು ಇಲ್ಲಿ ತರಬೇಡಿ, ಅದು ಟೆಂಡರಿನಲ್ಲಿ ಬೇರೆಯೇ ಜಗಳ ತರುತ್ತದೆ.

ದರದ ವಿಷಯದಲ್ಲಿ ವಿಭಾಗದ ಬಾಗಿಲಿಗೆ ಬಂದು ಬೀಳುವ ಪೂರ್ತಿ ವೆಚ್ಚ ಹಿಡಿಯಿರಿ: ಮೂಲ ಬೆಲೆ, ಜಿಎಸ್‌ಟಿ, ಸಾಗಣೆ, ಉಪಕರಣವಾದರೆ ಅಳವಡಿಕೆ. ಹಳೆಯ ಫೈಲಿನಿಂದ ದರ ನಕಲು ಮಾಡುವವರಿಗೆ ಒಂದು ಮಾತು. ಸಂಶೋಧನಾ ಸಂಸ್ಥೆಗಳು ಕೊಳ್ಳುವ ವೈಜ್ಞಾನಿಕ ಉಪಕರಣಗಳಿಗೆ ಇದ್ದ 5% ಜಿಎಸ್‌ಟಿ ರಿಯಾಯಿತಿ 2022ರ ಜುಲೈನಲ್ಲಿ ನಿಂತುಹೋಯಿತು. ಅದಕ್ಕಿಂತ ಹಿಂದಿನ ಬಿಲ್ಲಿನ ಒಟ್ಟು ಮೊತ್ತ ಈಗ ಲೆಕ್ಕಕ್ಕೆ ಬರುವುದಿಲ್ಲ.

ಲೈಬ್ರರಿಯ ಲೆಕ್ಕ ಮಾಡುವವರು ಇನ್ನೊಂದನ್ನು ನೋಡಬೇಕು. 2025ರ ಜನವರಿಯಿಂದ ‘ಒಂದು ರಾಷ್ಟ್ರ ಒಂದು ಚಂದಾದಾರಿಕೆ’ ಜಾರಿಯಲ್ಲಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಕೇಂದ್ರ ಮತ್ತು ರಾಜ್ಯ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಇದರಡಿ ಸಿಗುತ್ತವೆ. ನಿಮ್ಮ ಚಂದಾ ಪಟ್ಟಿಯನ್ನು ಆ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ, ಎರಡು ಸಲ ಬರುವುದನ್ನು ತೆಗೆದುಹಾಕಿ. ಇಷ್ಟಕ್ಕೆ ಯಾವ ಮಾಡೆಲ್ಲೂ ಬೇಡ.

ಮೂರನೇ ಹೆಜ್ಜೆ: ಮೊದಲು ಕಾಗದದ ಮೇಲೆ

ಒಂದು ಪುಟ್ಟ ಉದಾಹರಣೆ ಮಾಡೋಣ. ಅಂಕಿಗಳು ಕಲ್ಪಿತ, ಲೆಕ್ಕ ನಿಜ. ವರ್ಷಕ್ಕೆ ಬೇಕಾದದ್ದು ಮೆಥನಾಲ್ 60 ಬಾಟಲಿ, ಅಸಿಟೋನ್ 40 ಬಾಟಲಿ, ಬೀಕರ್ 100. ಮಾರುಕಟ್ಟೆಯಲ್ಲಿ ಮೂವರು ಪೂರೈಕೆದಾರರು: ಕ, ಖ, ಗ. ದರ ರೂಪಾಯಿಗಳಲ್ಲಿ, ತೆರಿಗೆ ಸೇರಿ.

| | ಕ | ಖ | ಗ |
|---|---|---|---|
| ಮೆಥನಾಲ್ (ಬಾಟಲಿಗೆ) | 900 | 940 | 920 |
| ಅಸಿಟೋನ್ (ಬಾಟಲಿಗೆ) | 820 | 770 | 790 |
| ಬೀಕರ್ (ಒಂದಕ್ಕೆ) | 180 | 175 | 160 |
| ಸಾಗಣೆ (ಒಂದು ಆರ್ಡರಿಗೆ) | 3,000 | 2,500 | 2,000 |

ಸಾಲು ಸಾಲಾಗಿ ಅಗ್ಗದ್ದನ್ನು ಆರಿಸಿ ನೋಡಿ. ಮೆಥನಾಲ್ ಕ ಹತ್ತಿರ 54,000. ಅಸಿಟೋನ್ ಖ ಹತ್ತಿರ 30,800. ಬೀಕರ್ ಗ ಹತ್ತಿರ 16,000. ಒಟ್ಟು 1,00,800. ಮೂವರ ಸಾಗಣೆ 7,500 ಸೇರಿದರೆ 1,08,300.

ಈಗ ಎಲ್ಲವನ್ನೂ ಗ ಹತ್ತಿರವೇ ತೆಗೆದುಕೊಂಡರೆ? ಮಾಲಿಗೆ 1,02,800, ಸಾಗಣೆಗೆ 2,000. ಒಟ್ಟು 1,04,800. ಉಳಿತಾಯ 3,500. ಮೂರು ವಸ್ತುಗಳಲ್ಲಿ ಗ ಎಲ್-1 ಆಗಿರುವುದು ಒಂದರಲ್ಲಿ ಮಾತ್ರ ಎಂಬುದನ್ನು ಗಮನಿಸಿ. ತುಲನಾ ಪಟ್ಟಿ ಎಷ್ಟು ದಿಟ್ಟಿಸಿ ನೋಡಿದರೂ ಈ ಉತ್ತರ ಹೊಳೆಯುವುದು ಕಷ್ಟ.

ಇದನ್ನೇ ಮಾಡೆಲ್ ಆಗಿ ಬರೆಯುವುದು ಹೇಗೆ? ತೀರ್ಮಾನದ ಸಂಖ್ಯೆಗಳು ಎರಡು ಬಗೆ. ಯಾರಿಂದ ಯಾವ ವಸ್ತು ಎಷ್ಟು ಎಂಬ 9 ಸಂಖ್ಯೆ. ಯಾರಿಗೆ ಆರ್ಡರ್ ಇದೆ, ಯಾರಿಗೆ ಇಲ್ಲ ಎಂಬ 3 ಸಂಖ್ಯೆ. ಈ ಮೂರು 1 ಅಥವಾ 0 ಮಾತ್ರ ಆಗಬಹುದು. ಷರತ್ತುಗಳು: ಪ್ರತಿ ವಸ್ತುವಿನ ಒಟ್ಟು ಬೇಡಿಕೆಗೆ ಸರಿಯಾಗಬೇಕು. ಆರ್ಡರ್ ಇಲ್ಲದವರಿಂದ ಒಂದು ಬಾಟಲಿಯೂ ಬರಬಾರದು. ಗುರಿ: ಮಾಲಿನ ಬೆಲೆ ಮತ್ತು ಸಾಗಣೆ ಸೇರಿದ ಮೊತ್ತ ಕನಿಷ್ಠ.

ಮೂರು ವಸ್ತು, ಮೂವರು ಅಂದಾಗ ಇದನ್ನು ಕೈಯಲ್ಲೇ ಮಾಡಬಹುದು. ಎಂಟು ಪೂರೈಕೆದಾರರಾದರೆ ಆರ್ಡರ್ ಯಾರ್ಯಾರಿಗೆ ಎಂಬುದಕ್ಕೇ 255 ದಾರಿಗಳಾಗುತ್ತವೆ. ಆಗ ಸಾಲ್ವರ್ ಬೇಕು.

ನಾಲ್ಕನೇ ಹೆಜ್ಜೆ: ಎಕ್ಸೆಲ್‌ಗೆ ಇಳಿಸುವುದು

ಸಾಲ್ವರ್ ಕಾಣದಿದ್ದರೆ ಎಕ್ಸೆಲ್ ಆಪ್ಷನ್ಸ್‌ನ ಆಡ್-ಇನ್ಸ್‌ಗೆ ಹೋಗಿ ಟಿಕ್ ಮಾಡಿ. ಆಮೇಲೆ ಡೇಟಾ ಟ್ಯಾಬಿನ ಬಲತುದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಹಣ ಕೊಟ್ಟು ಎಕ್ಸೆಲ್ ಕೊಂಡಿಲ್ಲ ಎನ್ನುವವರಿಗೆ ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲೂ ಸಾಲ್ವರ್ ಉಚಿತವಾಗಿಯೇ ಇದೆ.

ದರದ ಪಟ್ಟಿಯನ್ನು ಒಂದು ಕಡೆ ಹಾಕಿ. ಅದರ ಕೆಳಗೆ ಅದೇ ಆಕಾರದ ಖಾಲಿ ಪಟ್ಟಿ, ಪ್ರಮಾಣಗಳಿಗೆ. ಅದರ ಕೆಳಗೆ ಮೂರು ಖಾಲಿ ಸೆಲ್, 1 ಅಥವಾ 0 ಬರೆಯುವುದಕ್ಕೆ. ಗುರಿಯ ಸೆಲ್‌ನಲ್ಲಿ ಸಮ್‌ಪ್ರಾಡಕ್ಟ್ ಸೂತ್ರ (ಎರಡು ಪಟ್ಟಿಗಳ ಸಂಖ್ಯೆಗಳನ್ನು ಜೋಡಿ ಜೋಡಿಯಾಗಿ ಗುಣಿಸಿ ಕೂಡಿಸುವುದು) ಎರಡು ಸಲ: ದರ ಗುಣಿಸು ಪ್ರಮಾಣ, ಸಾಗಣೆ ಗುಣಿಸು ಆರ್ಡರ್ ಸೂಚಕ. ಎರಡನ್ನೂ ಕೂಡಿಸಿ.

ಸಾಲ್ವರ್ ಕಿಟಕಿಯಲ್ಲಿ ಗುರಿಯ ಸೆಲ್ ತೋರಿಸಿ ‘ಮಿನ್’ ಆರಿಸಿ. ಬದಲಾಗಬೇಕಾದ ಸೆಲ್‌ಗಳಾಗಿ 9 ಮತ್ತು 3 ಎರಡೂ ಗುಂಪು ತೋರಿಸಿ. ಷರತ್ತುಗಳನ್ನು ಒಂದೊಂದಾಗಿ ಸೇರಿಸಿ. ಪ್ರಮಾಣಗಳು ಪೂರ್ಣಾಂಕ, ಅದಕ್ಕೆ ‘ಇಂಟ್’. ಸೂಚಕಗಳಿಗೆ ‘ಬಿನ್’. ಋಣ ಸಂಖ್ಯೆ ಬಾರದಂತೆ ತಡೆಯುವ ಟಿಕ್ ಹಾಕಿ. ವಿಧಾನ ‘ಸಿಂಪ್ಲೆಕ್ಸ್ ಎಲ್‌ಪಿ’. ಸಾಲ್ವ್ ಒತ್ತಿ.

ಜನ ಎಡವುವುದು ಮೂರು ಕಡೆ.

ಒಂದು, ‘ಇಫ್’ ಸೂತ್ರ. ‘ಪ್ರಮಾಣ ಸೊನ್ನೆಗಿಂತ ಜಾಸ್ತಿ ಇದ್ದರೆ ಸಾಗಣೆ ಸೇರಿಸು’ ಎಂದು ಬರೆಯಲು ಕೈ ತಾನಾಗೇ ಹೋಗುತ್ತದೆ. ಹಾಗೆ ಬರೆದರೆ ಮಾಡೆಲ್ ರೇಖೀಯವಾಗಿ, ಅಂದರೆ ಸ್ಥಿರ ಸಂಖ್ಯೆಯಿಂದ ಗುಣಿಸಿ ಕೂಡಿಸುವ ಲೆಕ್ಕವಾಗಿ, ಉಳಿಯುವುದಿಲ್ಲ, ಸಿಂಪ್ಲೆಕ್ಸ್ ಅದನ್ನು ಮುಟ್ಟುವುದಿಲ್ಲ. ಅದಕ್ಕೇ 1-0 ಸೂಚಕ ಇರುವುದು. ‘ಪ್ರಮಾಣ, ಬೇಡಿಕೆ ಗುಣಿಸು ಸೂಚಕಕ್ಕಿಂತ ಜಾಸ್ತಿ ಇರಬಾರದು’ ಎಂದು ಬರೆಯಿರಿ. ಸೂಚಕ 0 ಆದರೆ ಪ್ರಮಾಣವೂ 0 ಆಗಲೇಬೇಕು.

ಎರಡು, ಅದೇ ಷರತ್ತಿನಲ್ಲಿ ಬೇಡಿಕೆಯ ಬದಲು ‘ಇರಲಿ’ ಎಂದು ಹತ್ತು ಲಕ್ಷದಂಥ ದೊಡ್ಡ ಸಂಖ್ಯೆ ಹಾಕುವುದು. ಕಂಪ್ಯೂಟರ್‌ಗೆ ಸೊನ್ನೆ ಅಂದರೆ ಸೊನ್ನೆಯ ತೀರಾ ಹತ್ತಿರದ ಸಂಖ್ಯೆಯೂ ಆದೀತು. ಅದನ್ನು ಹತ್ತು ಲಕ್ಷದಿಂದ ಗುಣಿಸಿದರೆ ಆರ್ಡರ್ ಇಲ್ಲದವರಿಂದಲೂ ಮಾಲು ನುಸುಳುತ್ತದೆ. ಮೆಥನಾಲ್‌ಗೆ 60 ಸಾಕು.

ಮೂರು, ಬಹಳ ಜನರಿಗೆ ಗೊತ್ತೇ ಇಲ್ಲದ್ದು. ಸಾಲ್ವರ್‌ನ ಆಪ್ಷನ್ಸ್‌ನಲ್ಲಿ ‘ಇಂಟಿಜರ್ ಆಪ್ಟಿಮಾಲಿಟಿ’ ಎಂಬ ಸಂಖ್ಯೆ ಇದೆ. ಮೊದಲಿನಿಂದಲೂ ಅದು 1% ಎಂದು ಇರುತ್ತದೆ. ಅಂದರೆ ಅತ್ಯುತ್ತಮ ಉತ್ತರದ ನೂರಕ್ಕೆ ಒಂದರಷ್ಟು ಹತ್ತಿರ ಬಂದರೆ ಸಾಲ್ವರ್ ಅಲ್ಲೇ ನಿಲ್ಲಬಹುದು. ಒಂದು ಕೋಟಿಯ ಖರೀದಿಯಲ್ಲಿ ಅದು ಒಂದು ಲಕ್ಷ. ಅದನ್ನು 0 ಮಾಡಿ.

ಈಗ ಉದಾಹರಣೆಗೆ ಒಂದು ಹೊಸ ಷರತ್ತು ಸೇರಿಸೋಣ. ಗ ಹತ್ತಿರ ಮೆಥನಾಲ್ 40 ಬಾಟಲಿ ಮಾತ್ರ ಸಿಗುತ್ತದೆ. ‘ಸರಿ, 40 ಗ ಹತ್ತಿರ, ಉಳಿದ 20 ಬೇರೆಯವರ ಹತ್ತಿರ’ ಎಂದು ಅನ್ನಿಸುತ್ತದೆ, ಅಲ್ವಾ? ಸಾಲ್ವರ್ ಹೇಳುವುದೇ ಬೇರೆ. ಮೆಥನಾಲ್ 60 ಬಾಟಲಿಯನ್ನೂ ಕ ಹತ್ತಿರ ತೆಗೆದುಕೊಳ್ಳಿ, ಅಸಿಟೋನ್ ಮತ್ತು ಬೀಕರ್ ಗ ಹತ್ತಿರ. ಒಟ್ಟು 1,06,600. ಹೇಗೂ ಕ ಅವರ ಗಾಡಿ ಬರಲೇಬೇಕು ಅಂದಮೇಲೆ, ಅಗ್ಗದ ಮೆಥನಾಲ್ ಪೂರ್ತಿ ಅದರಲ್ಲೇ ಬರಲಿ ಎಂಬುದು ಅದರ ಲೆಕ್ಕ. ಗ ಹತ್ತಿರ 40, ಖ ಹತ್ತಿರ ಉಳಿದ 20 ಮತ್ತು ಅಸಿಟೋನ್ ಎಂದು ಹೋದರೆ 1,06,900 ಆಗುತ್ತದೆ. ಎರಡರ ಅಂತರ 1%ಕ್ಕಿಂತ ಕಡಿಮೆ. ಆ ಆಪ್ಷನ್ ಸೊನ್ನೆ ಮಾಡದಿದ್ದರೆ ಸಾಲ್ವರ್ ಎರಡನೆಯದಕ್ಕೇ ನಿಂತರೂ ನಿಂತೀತು.

ಎಕ್ಸೆಲ್‌ನ ಸಾಲ್ವರ್ ಬದಲಾಗುವ 200 ಸೆಲ್‌ಗಳವರೆಗೆ ಮಾತ್ರ ಹೋಗುತ್ತದೆ. 40 ವಸ್ತು, 5 ಪೂರೈಕೆದಾರರು ಎಂದರೆ ಪ್ರಮಾಣಗಳಿಗೇ ಆ 200 ಮುಗಿಯಿತು. ಆಮೇಲೆ ಓಪನ್‌ಸಾಲ್ವರ್ ಎಂಬ ಉಚಿತ ಆಡ್-ಇನ್ ಇದೆ, ಇದೇ ಶೀಟಿನ ಮೇಲೆ ಮಿತಿಯಿಲ್ಲದೆ ಕೆಲಸ ಮಾಡುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಬರುವ ಸಂಶೋಧನಾ ವಿದ್ಯಾರ್ಥಿ ಯಾರಾದರೂ ಸಿಕ್ಕರೆ ಪಲ್ಪ್ ಎಂಬ ಸಾಫ್ಟ್‌ವೇರ್ ಲೈಬ್ರರಿ ಇನ್ನೂ ಸಲೀಸು. ವಿಶ್ವವಿದ್ಯಾಲಯದಲ್ಲಿ ಅಂಥವರಿಗೆ ಬರವೇ? ಗಣಿತ, ಸಂಖ್ಯಾಶಾಸ್ತ್ರ, ಎಂಬಿಎ ವಿಭಾಗಗಳಲ್ಲಿ ಇದೇ ಗಣಿತದ, ಅಂದರೆ ಲೀನಿಯರ್ ಪ್ರೋಗ್ರಾಮಿಂಗ್‌ನ, ಪಾಠ ನಡೆಯುತ್ತಲೇ ಇರುತ್ತದೆ. ಅದೇ ಕಟ್ಟಡದ ಖರೀದಿ ಶಾಖೆಗೆ ಮಾತ್ರ ಆ ಪಾಠ ಬಂದು ಮುಟ್ಟುವುದಿಲ್ಲ.

ಐದನೇ ಹೆಜ್ಜೆ: ನಿಯಮವನ್ನು, ಭಯವನ್ನು ಷರತ್ತಾಗಿ ಬರೆಯುವುದು

ಖರೀದಿ ಸಮಿತಿಯ ಸಭೆಯಲ್ಲಿ ‘ಒಬ್ಬರನ್ನೇ ನಂಬಿದರೆ ಹೇಗೆ ಸಾರ್?’ ಎಂಬ ಮಾತು ಬಂದೇ ಬರುತ್ತದೆ. ಒಳ್ಳೆಯ ಪ್ರಶ್ನೆ. ಅದನ್ನು ವಾದ ಮಾಡಿ ಕೂರಬೇಡಿ, ಷರತ್ತಾಗಿ ಬರೆಯಿರಿ: ಸೂಚಕಗಳ ಮೊತ್ತ ಕನಿಷ್ಠ 2. ಮೇಲಿನ ಮೊದಲ ಉದಾಹರಣೆಯಲ್ಲಿ ಹೀಗೆ ಮಾಡಿದರೆ ಅಗ್ಗದ ಜೋಡಿ ಖ ಮತ್ತು ಗ, ಒಟ್ಟು 1,06,500. ಅಂದರೆ ಇಬ್ಬರು ಬೇಕು ಅನ್ನುವ ಭದ್ರತೆಗೆ ತೆರುವ ಬೆಲೆ 1,700 ರೂಪಾಯಿ. ಈಗ ಸಮಿತಿ ಚರ್ಚಿಸುವುದು ಅಭಿಪ್ರಾಯವನ್ನಲ್ಲ, 1,700 ರೂಪಾಯಿಯನ್ನು. ನನ್ನ ಮಟ್ಟಿಗೆ ಮಾಡೆಲ್‌ನ ದೊಡ್ಡ ಪ್ರಯೋಜನ ಇದೇ. ಉಳಿತಾಯದ ಅಂಕಿಗಿಂತಲೂ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ.

ನಿಯಮಗಳೂ ಹೀಗೇ. ಕೇಂದ್ರ ಸರ್ಕಾರದ 2012ರ ಖರೀದಿ ನೀತಿಯಲ್ಲಿ ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದ ವರ್ಷದ ಖರೀದಿಯ 20% ಎಂದಿತ್ತು, ಆಮೇಲೆ ಅದು 25% ಆಯಿತು. ನಿಮ್ಮ ಸಂಸ್ಥೆಗೆ ಇದು ಅನ್ವಯಿಸುತ್ತದೆಯೇ ಎಂದು ಹಣಕಾಸು ಅಧಿಕಾರಿಯನ್ನು ಕೇಳಿ. ಅನ್ವಯಿಸಿದರೆ ಒಂದೇ ಸಾಲಿನ ಷರತ್ತು: ಆ ಉದ್ದಿಮೆಗಳ ಮೊತ್ತ, ಒಟ್ಟು ಮೊತ್ತದ ಕಾಲು ಭಾಗಕ್ಕಿಂತ ಕಡಿಮೆ ಇರಬಾರದು.

ಷರತ್ತು ಜಾಸ್ತಿಯಾದರೆ ಸಾಲ್ವರ್ ‘ಸಾಧ್ಯವಾಗುವ ಉತ್ತರ ಸಿಗಲಿಲ್ಲ’ ಎನ್ನುತ್ತದೆ. ಅದು ಕಂಪ್ಯೂಟರ್ ಕೆಟ್ಟಿದ್ದಲ್ಲ. ನೀವು ಕೇಳಿದ್ದೆಲ್ಲ ಒಟ್ಟಿಗೆ ನಡೆಯುವಂಥದ್ದಲ್ಲ ಎಂದರ್ಥ. ಷರತ್ತುಗಳನ್ನು ಒಂದೊಂದಾಗಿ ತೆಗೆದು ನೋಡಿ, ಯಾವುದು ಯಾವುದಕ್ಕೆ ಡಿಕ್ಕಿ ಹೊಡೆಯುತ್ತಿದೆ ಎಂದು ಗೊತ್ತಾಗುತ್ತದೆ.

ಆರನೇ ಹೆಜ್ಜೆ: ಯಾವಾಗ ಕೊಳ್ಳಬೇಕು

ಆರ್ಥಿಕ ವರ್ಷದ ಕೊನೆಯ ತಿಂಗಳುಗಳಲ್ಲಿ ಖರ್ಚಿನ ನೂಕುನುಗ್ಗಲು ಆರ್ಥಿಕ ಶಿಸ್ತಿನ ಉಲ್ಲಂಘನೆ ಎಂದು ಜಿಎಫ್‌ಆರ್ ಹೇಳುತ್ತದೆ. ಹೇಳಿದರೂ ಫೆಬ್ರುವರಿ, ಮಾರ್ಚ್ ಬಂದರೆ ಖರೀದಿ ಶಾಖೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮಾರ್ಚ್‌ನಲ್ಲಿ ಬಂದ ದ್ರಾವಕಗಳು ಬೇಸಿಗೆ ರಜೆಯಲ್ಲಿ ಬಿಸಿ ಕೋಣೆಯಲ್ಲಿ ಕೂರುತ್ತವೆ.

ಮಾಡೆಲ್‌ಗೆ ಕಾಲವನ್ನು ಸೇರಿಸುವ ಸೂತ್ರ ಒಂದೇ. ಹಿಂದಿನ ತ್ರೈಮಾಸಿಕದ ಉಳಿಕೆ, ಕೂಡಿಸಿ ಈಗ ಬಂದದ್ದು, ಕಳೆಯಿರಿ ಬಳಸಿದ್ದು, ಸಮ ಈ ತ್ರೈಮಾಸಿಕದ ಉಳಿಕೆ. ನಾಲ್ಕು ತ್ರೈಮಾಸಿಕಕ್ಕೆ ನಾಲ್ಕು ಸಾಲು.

ಮೆಥನಾಲ್‌ನ 60 ಬಾಟಲಿಯ ಬಳಕೆ ತ್ರೈಮಾಸಿಕವಾರು 10, 20, 10, 20 ಎಂದಿಟ್ಟುಕೊಳ್ಳಿ. ಪ್ರಾಯೋಗಿಕ ಪರೀಕ್ಷೆ ಇರುವಾಗ ಜಾಸ್ತಿ. ಬೆಂಕಿ ಹತ್ತುವ ದ್ರಾವಕ ಇಡುವ ಕಪಾಟಿನಲ್ಲಿ 30ಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಪ್ರತಿ ಸಾಗಣೆಗೆ 2,000. ಒಂದೇ ಸಲ ತರಿಸಲು ಜಾಗ ಇಲ್ಲ. ನಾಲ್ಕು ಸಲ ತರಿಸಿದರೆ 8,000. ಮೊದಲ ಮತ್ತು ಮೂರನೇ ತ್ರೈಮಾಸಿಕದ ಆರಂಭದಲ್ಲಿ 30-30 ತರಿಸಿದರೆ 4,000ದಲ್ಲಿ ಮುಗಿಯಿತು. ಇಲ್ಲಿ ಉತ್ತರ ಕಣ್ಣಿಗೇ ಕಾಣುತ್ತದೆ. ಎಂಬತ್ತು ರಾಸಾಯನಿಕಗಳು ಅದೇ ಕಪಾಟಿಗೆ ಜಗಳವಾಡುವಾಗ ಕಾಣುವುದಿಲ್ಲ.

ಅವಧಿ ಇರುವ ವಸ್ತುಗಳಿಗೆ ಉಳಿಕೆಯ ಮೇಲೆ ಮಿತಿ ಹಾಕಿ. ಡೈಈಥೈಲ್ ಈಥರ್‌ನಂಥವು ಗಾಳಿ ತಾಗಿದ ಮೇಲೆ ಪೆರಾಕ್ಸೈಡ್ ಕಟ್ಟಿಕೊಳ್ಳುತ್ತವೆ, ಸ್ಫೋಟದ ಅಪಾಯವಿದೆ. ಅಗ್ಗಕ್ಕೆ ಸಿಕ್ಕಿತೆಂದು ವರ್ಷಕ್ಕಾಗುವಷ್ಟು ತಂದಿಡುವ ವಸ್ತು ಅದಲ್ಲ. ಹಿಂದೆ ಎಸೆದದ್ದರ ಅಂಕಿ ಬರೆದಿಟ್ಟುಕೊಳ್ಳಿ ಎಂದೆನಲ್ಲ, ಅದರ ಕೆಲಸ ಇಲ್ಲಿ. ಜಾಸ್ತಿ ಎಸೆದ ವಸ್ತುವಿನ ಮಿತಿಯನ್ನು ಮೊದಲು ಬಿಗಿ ಮಾಡಿ. ಎಥನಾಲ್‌ಗೆ ಅಬಕಾರಿ ಪರವಾನಗಿಯ ಪ್ರಮಾಣವೇ ಮಿತಿ.

ದಾಸ್ತಾನು ನಿರ್ವಹಣೆ ಓದಿದವರು 1913ರಷ್ಟು ಹಳೆಯ ಇಒಕ್ಯು ಸೂತ್ರ (ಒಂದು ಸಲಕ್ಕೆ ಎಷ್ಟು ತರಿಸಿದರೆ ಅಗ್ಗ ಎಂದು ಹೇಳುವಂಥದ್ದು) ಬಳಸಬಹುದಲ್ಲ ಎನ್ನುತ್ತಾರೆ. ಅದು ಬಳಕೆ ವರ್ಷವಿಡೀ ಒಂದೇ ಸಮ ಇರುವ ಕಡೆಗೆ ಮಾಡಿದ್ದು. ಸೆಮಿಸ್ಟರ್ ಮೇಲೆ ನಡೆಯುವ ನಮ್ಮಲ್ಲಿ ಅದು ಹೊಂದುವುದಿಲ್ಲ.

ಪ್ರವೇಶಾತಿ ಎಷ್ಟಾಗುತ್ತದೆ ಎಂದು ಏಪ್ರಿಲ್‌ನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೆ ಮಾಡೆಲನ್ನು ಮೂರು ಸಲ ಓಡಿಸಿ: ಸೀಟು ಪೂರ್ತಿ ತುಂಬಿದರೆ, ಕಳೆದ ವರ್ಷದಷ್ಟೇ ಆದರೆ, ಇನ್ನೂ ಕಡಿಮೆಯಾದರೆ. ಮೂರರಲ್ಲೂ ಸಮಾನವಾಗಿ ಬರುವ ಪ್ರಮಾಣವನ್ನು ಖಚಿತ ಆರ್ಡರ್ ಮಾಡಿ. ಉಳಿದದ್ದನ್ನು ಪ್ರವೇಶ ಮುಗಿದ ಮೇಲಿನ ಕಂತಿಗೆ ಬಿಡಿ.

ಉಪಕರಣಗಳು ಮತ್ತು ಹಾಸ್ಟೆಲ್ ಊಟ

ಅನುದಾನ 50 ಲಕ್ಷ. ಮೂರು ವಿಭಾಗಗಳ ಬೇಡಿಕೆ: 30 ಲಕ್ಷದ ಉಪಕರಣ, ವಾರಕ್ಕೆ 90 ಗಂಟೆ ಬಳಕೆ. 25 ಲಕ್ಷದ್ದು, 70 ಗಂಟೆ. ಇನ್ನೊಂದು 25 ಲಕ್ಷದ್ದು, 65 ಗಂಟೆ. ಲಕ್ಷಕ್ಕೆ ಎಷ್ಟು ಗಂಟೆ ಎಂದು ಪಟ್ಟಿ ಮಾಡಿದರೆ ಮೊದಲನೆಯದೇ ಮುಂದೆ. ಅದನ್ನು ಕೊಂಡರೆ 20 ಲಕ್ಷ ಉಳಿಯುತ್ತದೆ, ಬೇರೇನೂ ಬರುವುದಿಲ್ಲ. ಎರಡನೆಯದು ಮತ್ತು ಮೂರನೆಯದು ಕೊಂಡರೆ ಹಣ ಸರಿಹೋಗಿ 135 ಗಂಟೆ. ರ‍್ಯಾಂಕ್ ಪಟ್ಟಿ ಮೇಲಿಂದ ಇಳಿಯುತ್ತಾ ಹೋಗುವ ನಮ್ಮ ಪದ್ಧತಿ ಇಲ್ಲಿ ಸೋಲುತ್ತದೆ. ಇಲ್ಲಿ ಬರುವ ತೀರ್ಮಾನಗಳೆಲ್ಲ 1 ಅಥವಾ 0, ಆದ್ದರಿಂದ ಮಾಡೆಲ್ ಮೇಲಿನದಕ್ಕಿಂತ ಸುಲಭ. ಕಷ್ಟ ಇರುವುದು ‘ಗಂಟೆ’ ಎಂಬ ಅಂಕಿಯಲ್ಲಿ. ಕೇಳಿದರೆ ಎಲ್ಲ ವಿಭಾಗವೂ ದೊಡ್ಡದನ್ನೇ ಹೇಳುತ್ತದೆ. ಹೇಳಿದ್ದನ್ನು ಹಾಕಬೇಡಿ, ವೇಳಾಪಟ್ಟಿಯಿಂದ ತೆಗೆಯಿರಿ.

ಹಾಸ್ಟೆಲ್ ಮೆಸ್‌ಗೂ ಇದೇ ಗಣಿತ. ನಿಜ ಹೇಳಬೇಕೆಂದರೆ ಈ ಗಣಿತದ ಮೊದಮೊದಲ ಪರೀಕ್ಷೆಗಳಲ್ಲಿ ಒಂದು ನಡೆದದ್ದೇ ಊಟದ ಮೇಲೆ. ಜಾರ್ಜ್ ಸ್ಟಿಗ್ಲರ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1945ರಲ್ಲಿ 77 ಆಹಾರ, 9 ಪೋಷಕಾಂಶಗಳನ್ನಿಟ್ಟುಕೊಂಡು ಒಬ್ಬನ ಒಂದು ವರ್ಷದ ಅತಿ ಅಗ್ಗದ ಊಟ ಲೆಕ್ಕ ಹಾಕಿದರು. 1939ರ ಬೆಲೆಯಲ್ಲಿ 39.93 ಡಾಲರ್. 1947ರಲ್ಲಿ ಅಮೆರಿಕದ ಗಣಿತಜ್ಞ ಜಾರ್ಜ್ ಡಾಂಟ್ಸಿಗ್ ಅವರ ಸಿಂಪ್ಲೆಕ್ಸ್ ವಿಧಾನ ಬಂದಾಗ ಒಂಬತ್ತು ಗುಮಾಸ್ತರು ಕೈಯಂತ್ರಗಳಲ್ಲಿ ಅದೇ ಲೆಕ್ಕ ಮಾಡಿ 39.69 ಡಾಲರ್ ಎಂದರು. ಸ್ಟಿಗ್ಲರ್ ಅಂದಾಜು 24 ಸೆಂಟ್ ಮಾತ್ರ ತಪ್ಪಿತ್ತು! ಆದರೆ ಸ್ಟಿಗ್ಲರ್ ಪಟ್ಟಿಯ ಊಟದಲ್ಲಿ ಇದ್ದದ್ದು ಗೋಧಿ ಹಿಟ್ಟು, ಡಬ್ಬಿ ಹಾಲು, ಎಲೆಕೋಸು, ಪಾಲಕ್, ಒಣ ಬೀನ್ಸ್. ರುಚಿಯನ್ನು ಷರತ್ತಾಗಿ ಬರೆಯದಿದ್ದರೆ ಸಾಲ್ವರ್‌ಗೆ ರುಚಿ ಗೊತ್ತಾಗುವುದಿಲ್ಲ. ನಿಮ್ಮ ಮೆಸ್ ಮಾಡೆಲ್‌ನಲ್ಲಿ ‘ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಒಂದೇ ತರಕಾರಿ ಬೇಡ’, ‘ಭಾನುವಾರ ವಿಶೇಷ ಊಟ ಇರಲೇಬೇಕು’ ಎಂದು ಬರೆಯಿರಿ. ಇಲ್ಲದಿದ್ದರೆ ವರ್ಷವಿಡೀ ಕೋಸಿನ ಪಲ್ಯ, ಆಮೇಲೆ ಹಾಸ್ಟೆಲ್ ಮುಂದೆ ಧರಣಿ.

ಏಳನೇ ಹೆಜ್ಜೆ: ಉತ್ತರವನ್ನು ಟೆಂಡರ್ ಆಗಿ ಬದಲಿಸುವುದು

ಮಾಡೆಲ್‌ಗೆ ನೀವು ಹಾಕಿದ್ದು ಹಳೆಯ ದರ, ಮಾರುಕಟ್ಟೆಯ ಅಂದಾಜು ದರ. ಹಾಗಾಗಿ ಅದರಿಂದ ‘ಗ ಅವರಿಗೆ ಕೊಡಿ’ ಎಂಬ ಉತ್ತರ ತೆಗೆದುಕೊಳ್ಳಬೇಡಿ. ತೆಗೆದುಕೊಳ್ಳಬೇಕಾದದ್ದು ಟೆಂಡರಿನ ಆಕಾರ.

ವಸ್ತುವಾರು ಎಲ್-1 ನೋಡುವುದೋ, ಒಟ್ಟು ಮೊತ್ತದ ಮೇಲೆ ನೋಡುವುದೋ? ಉದಾಹರಣೆಯಲ್ಲಿ ಸಾಗಣೆ ವೆಚ್ಚ ಭಾರವಾಗಿದ್ದರಿಂದ ಒಟ್ಟು ಮೊತ್ತ ಗೆದ್ದಿತು. ನಿಮ್ಮ ಅಂಕಿಗಳಲ್ಲೂ ಹಾಗೇ ಬಂದರೆ ‘ಈ ಪ್ಯಾಕೇಜಿನ ಒಟ್ಟು ಮೊತ್ತದ ಮೇಲೆ ಎಲ್-1 ನಿರ್ಧರಿಸಲಾಗುವುದು’ ಎಂದು ಟೆಂಡರ್ ದಾಖಲೆಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಆದರೆ ಪ್ಯಾಕೇಜ್ ತೀರಾ ದೊಡ್ಡದಾದರೆ ಸಣ್ಣ ಪೂರೈಕೆದಾರರು ಬರುವುದೇ ಇಲ್ಲ, ಪೈಪೋಟಿ ಸಾಯುತ್ತದೆ. ದ್ರಾವಕಗಳದ್ದೊಂದು, ಗಾಜಿನದ್ದೊಂದು, ಸೂಕ್ಷ್ಮಜೀವಿ ಬೆಳೆಸುವ ಮಾಧ್ಯಮಗಳದ್ದೊಂದು ಎಂದು ಮೂರ್ನಾಲ್ಕು ಪ್ಯಾಕೇಜ್ ಮಾಡಿ, ಪ್ರತಿಯೊಂದನ್ನೂ ಮಾಡೆಲ್‌ನಲ್ಲಿ ಓಡಿಸಿ ನೋಡಿ.

ನಮ್ಮಲ್ಲಿ ಬಹಳ ಕಡೆ ಸಾಗಣೆ ಸೇರಿದ ದರವನ್ನೇ ಕೇಳುತ್ತಾರೆ. ಆಗ ಪೂರೈಕೆದಾರರು ಒಂದೇ ಬೀಕರ್ ಆರ್ಡರ್ ಬಂದರೂ ನಷ್ಟವಾಗದ ಹಾಗೆ ಸಾಗಣೆಯನ್ನು ಪ್ರತಿ ವಸ್ತುವಿನ ದರದಲ್ಲಿ ಅಡಗಿಸುತ್ತಾರೆ. ಕನಿಷ್ಠ ಆರ್ಡರ್ ಮೊತ್ತವನ್ನೂ ಎಷ್ಟು ಕಂತು ಎಂಬುದನ್ನೂ ಟೆಂಡರಿನಲ್ಲೇ ಹೇಳಿದರೆ ಆ ಭಯ ಹೋಗಿ ದರ ಇಳಿಯುವ ಸಾಧ್ಯತೆ ಇದೆ. ಆರನೇ ಹೆಜ್ಜೆಯ ತ್ರೈಮಾಸಿಕ ಪಟ್ಟಿಯನ್ನೇ ಪೂರೈಕೆ ವೇಳಾಪಟ್ಟಿಯಾಗಿ ಲಗತ್ತಿಸಿ. ವರ್ಷಕ್ಕೆ ಒಂದೇ ಟೆಂಡರ್, ಒಂದು ದರ ಒಪ್ಪಂದ, ಕಂತು ಕಂತಾಗಿ ಪೂರೈಕೆ.

ಬಿಡ್‌ಗಳನ್ನೇ ಆಪ್ಟಿಮೈಸೇಷನ್‌ನಿಂದ ಆರಿಸುವುದು ಎಲ್ಲೂ ಇಲ್ಲವೇ? ಇದೆ. ಚಿಲಿ ದೇಶ 1990ರ ದಶಕದ ಕೊನೆಯಿಂದ ಶಾಲಾ ಊಟದ ಗುತ್ತಿಗೆಯನ್ನು ಹಾಗೆ ಕೊಡುತ್ತಾ ಬಂದಿದೆ. ಕಂಪನಿಗಳು ಒಂದೊಂದು ಪ್ರದೇಶಕ್ಕೂ, ಹಲವು ಪ್ರದೇಶಗಳು ಸೇರಿದ ಗುಂಪಿಗೂ ಬೇರೆ ಬೇರೆ ದರ ಹಾಕಬಹುದು. ಒಟ್ಟು ವೆಚ್ಚ ಕಡಿಮೆಯಾಗುವ ಜೋಡಣೆಯನ್ನು ಕಂಪ್ಯೂಟರ್ ಆರಿಸುತ್ತದೆ. ಅಲ್ಲೂ ನಿಯಮ ಮೊದಲೇ ಎಲ್ಲರಿಗೂ ಗೊತ್ತು. ನಮ್ಮಲ್ಲಿ ಒಂದು ವಿಶ್ವವಿದ್ಯಾಲಯ ತಾನಾಗೇ ಇದಕ್ಕೆ ಕೈ ಹಾಕುವುದು ಬೇಡ. ಪ್ಯಾಕೇಜ್ ಸರಿಯಾಗಿ ಕಟ್ಟಿದರೆ ಅದರ ಲಾಭದ ಒಂದು ಭಾಗ ಈಗಿರುವ ನಿಯಮಗಳಲ್ಲೇ ಸಿಗುತ್ತದೆ.

ಫೈಲಿನಲ್ಲಿ ಏನು ಬರೆಯಬೇಕು

ಕಚೇರಿ ಟಿಪ್ಪಣಿಯಲ್ಲಿ ‘ಸಾಫ್ಟ್‌ವೇರ್ ಪ್ರಕಾರ’ ಎಂದು ಬರೆಯಬೇಡಿ. ಯಾವ ಅಂಕಿ ಎಲ್ಲಿಂದ ಬಂತು, ಯಾವ ಷರತ್ತು ಯಾವ ನಿಯಮಕ್ಕಾಗಿ, ವಸ್ತುವಾರು ಎಲ್-1 ಪದ್ಧತಿಯಲ್ಲಿ ಎಷ್ಟಾಗುತ್ತಿತ್ತು, ಈ ಯೋಜನೆಯಲ್ಲಿ ಎಷ್ಟು, ಇಷ್ಟನ್ನು ಒಂದು ಪುಟದಲ್ಲಿ ಬರೆಯಿರಿ. ಶೀಟಿನ ಪ್ರತಿಯನ್ನು ದಿನಾಂಕದೊಂದಿಗೆ ಉಳಿಸಿ, ಮುದ್ರಿಸಿ ಲಗತ್ತಿಸಿ. ಎರಡು ವರ್ಷದ ಮೇಲೆ ಆಡಿಟರ್ ಬಂದಾಗ ನೀವು ಬೇರೆ ಶಾಖೆಯಲ್ಲಿರುತ್ತೀರಿ. ನಿಮ್ಮ ಜಾಗಕ್ಕೆ ಬಂದವರು ಆ ಪುಟ ಓದಿ ಉತ್ತರ ಹೇಳುವಂತಿರಬೇಕು.

ಷರತ್ತು ಸ್ವಲ್ಪ ಸಡಿಲಿಸಿದರೆ ಎಷ್ಟು ಉಳಿಯುತ್ತಿತ್ತು ಎಂದು ಸಮಿತಿ ಕೇಳಬಹುದು. ಅದನ್ನು ತೋರಿಸುವ ಸೆನ್ಸಿಟಿವಿಟಿ ವರದಿಯನ್ನು ಪೂರ್ಣಾಂಕಗಳಿರುವ ಮಾಡೆಲ್‌ಗೆ ಎಕ್ಸೆಲ್ ಕೊಡುವುದಿಲ್ಲ. ಕಪಾಟಿನ ಮಿತಿ 30ರ ಬದಲು 60 ಮಾಡಿ, ಮತ್ತೆ ಓಡಿಸಿ, ವ್ಯತ್ಯಾಸ ನೋಡಿ. ಹೊಸ ಕಪಾಟಿನ ಬೆಲೆಗಿಂತ ಆ ವ್ಯತ್ಯಾಸ ದೊಡ್ಡದಿದ್ದರೆ, ಮುಂದಿನ ಬಜೆಟ್‌ನಲ್ಲಿ ಕಪಾಟು ಕೇಳುವುದಕ್ಕೆ ಕಾರಣ ಸಿಕ್ಕಿತು.

ಕೆಲಸದ ವೇಳೆ ಹೀಗಿರಲಿ. ಡಿಸೆಂಬರ್‌ನಲ್ಲಿ ದಾಸ್ತಾನು ಎಣಿಕೆ, ಜನವರಿಯಲ್ಲಿ ವಿಭಾಗಗಳ ಇಂಡೆಂಟ್ ಮತ್ತು ಮಾರುಕಟ್ಟೆ ದರ, ಫೆಬ್ರುವರಿಯಲ್ಲಿ ಮಾಡೆಲ್, ಮಾರ್ಚ್‌ನಲ್ಲಿ ಸಮಿತಿಯ ಮುಂದೆ. ಏಪ್ರಿಲ್‌ನಲ್ಲಿ ಬಜೆಟ್ ಕೈಗೆ ಬರುತ್ತಿದ್ದಂತೆ ಟೆಂಡರ್ ಪೋರ್ಟಲ್ ಹತ್ತಬೇಕು. ಮಾಲು ಬರಲು ಶುರುವಾದ ಮೇಲೆ ಪ್ರತಿ ಕಂತಿನ ನಿಜವಾದ ದರ, ನಿಜವಾದ ದಿನಾಂಕವನ್ನು ಅದೇ ಶೀಟಿನ ಪಕ್ಕದ ಕಾಲಂನಲ್ಲಿ ತುಂಬುತ್ತಾ ಹೋಗಿ.